ಪಕ್ಕದ ಸೀಟಿನ ಬ್ರೇಕು

ಭಾನುವಾರ, ಮಧ್ಯಾಹ್ನ
ಡೇರೆಯ ಮುಂದೆ, ಕಲ್ಲಿನ ಮೇಲೆ ಕೂತು

ಅಮ್ಮಾ, ನನ್ನ ಸಿಡುಕಿನ ಅಮ್ಮಾ,

ನಿನ್ನ ಗಿರಗಿಟ್ಲೆ ಕೈಕಾಲು ಗಟ್ಟಿಯಾಗಿಯೇ ಇದ್ದಾಳೆ. ಇಲ್ಲ, ಇದು ಪೂರ್ತಿ ನಿಜ ಅಲ್ಲ. ಕಾಲು ಗಟ್ಟಿಯಾಗಿದೆ, ಎಡಗೈ ಮಣಿಕಟ್ಟು ಉಳುಕಿದೆ. ಊತ ಇಳಿಯುತ್ತಿದೆ, ಗಾಬರಿಯಾಗಬೇಡ, ಹೇಗಾಯಿತು ಅಂತ ಹೇಳುತ್ತೇನೆ. ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಇದ್ದಿದ್ದರೂ ನಮ್ಮಿಬ್ಬರ ಫೋನು ಊಟ ಆಯ್ತಾ, ಆಯ್ತು, ಡೀಸೆಲ್ ಇದೆಯಾ, ಇದೆ, ಇಡ್ಲಾ, ಇಡು ಅನ್ನುವಷ್ಟರಲ್ಲಿ ಮುಗಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸಿಟ್ಟು ಹೇಳಿಬಿಡುತ್ತೇನೆ. ನಮ್ಮ ಡ್ರೈವಿಂಗ್ ಶಾಲೆಯ ಬೆಳಗಿನ ಬ್ಯಾಚಿನವರೆಲ್ಲ ನಿಂತಿರುವಾಗ, ಇನ್ನು ಮುಂದೆ ಕಲಿಸೋದು ನನ್ನ ಮಗಳು ಅಂತ ಘೋಷಿಸಿಬಿಟ್ಟೆ. ನನ್ನನ್ನು ಒಂದು ಮಾತು ಕೇಳಲಿಲ್ಲ, ಯಾಕೆ ಅಂತಲೂ ಹೇಳಲಿಲ್ಲ. ಟೈಲರ್ ಮಾಮ ಚಪ್ಪಾಳೆ ಬೇರೆ ತಟ್ಟಿದರು. ಎಷ್ಟು ಸಲ ಪರೀಕ್ಷೆ ಕೊಟ್ಟರೂ ಲೈಸೆನ್ಸ್ ಸಿಗದವರಿಗೆ ಯಾರು ಕಲಿಸಿದರೇನು! ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕೈಗೆ ಶಾಲೆ ಕೊಡ್ತೀಯಲ್ಲ ಅಂದರೆ, ಈ ಶಾಲೇಲಿ ಬೆಂಚಿಲ್ಲ ಕಣೇ, ಸೀಟು ಮಾತ್ರ ಇರೋದು, ಸುಮ್ನೆ ಕೂತ್ಕೋ ಅಂದೆ. ತಿಂಗಳ ಕೊನೆಯೊಳಗೆ ಒಪ್ಪದಿದ್ದರೆ ಮುಚ್ಚಿಬಿಡ್ತೀನಿ ಅಂತಲೂ ಅಂದೆ. ಯೋಚನೆ ಮಾಡಿ ಬರ್ತೀನಿ ಅಂತ ನಾನು ಡೇರೆ, ಹಗ್ಗ, ಗಾಳಿ ತುಂಬುವ ದೋಣಿ ಎಲ್ಲ ಹೇರಿಕೊಂಡು ನಮ್ಮ ಶಾಲೆಯ ಮುದಿ ಜೀಪಿನಲ್ಲಿ ಹೊರಟೆ.

ನಿಜ ಹೇಳಲಾ? ಬಹಳ ಖುಷಿಯಾಗಿದ್ದೆ. ಡಾಂಬರು ಮುಗಿದ ಜಾಗದಲ್ಲಿ ಇಳಿದು, ಮಣ್ಣಿನಲ್ಲಿ ಹಿಡಿತ ಸಿಗಲಿ ಅಂತ ಟೈರಿನ ಗಾಳಿ ಸ್ವಲ್ಪ ಬಿಟ್ಟೆ. ಅಲ್ಲಿಂದ ಮುಂದೆ ದಾರಿ ಅಂದರೆ ಯಾರೋ ಹೋದ ಚಕ್ರದ ಗುರುತು, ಅಷ್ಟೇ. ಕೆರೆಯಲ್ಲಿ ದೋಣಿ ಬಿಟ್ಟು, ಹುಟ್ಟು ಹಾಕಿ ಹಾಕಿ ಭುಜ ಬಿದ್ದುಹೋಗುವಷ್ಟು ದೂರ ಹೋದೆ. ಬಂಡೆ ಹತ್ತಿ ತುದಿಯಲ್ಲಿ ಕೂತು ಬಿಸ್ಕತ್ತು ತಿಂದೆ. ಹಿಂದೆ ಹಾರ್ನ್ ಮಾಡುವವರಿಲ್ಲ, ಪಕ್ಕದಲ್ಲಿ ಬೈಯುವವರಿಲ್ಲ. ಎರಡನೆಯದು ಸ್ವಲ್ಪ ಬೇಕೆನಿಸಿತು.

ಆಮೇಲೆ ಹಳ್ಳ ಬಂತು. ಇಳಿದು ಕೋಲಿನಿಂದ ಆಳ ನೋಡಿದೆ, ಮೊಣಕಾಲುದ್ದ. ನೀನು ಹೇಳಿಕೊಟ್ಟ ಹಾಗೆಯೇ ಮೊದಲ ಗೇರಿನಲ್ಲಿ, ಒಂದೇ ವೇಗದಲ್ಲಿ ಇಳಿಸಿದೆ. ನಡುನೀರಿನಲ್ಲಿ ಜೀಪು ಗಕ್ಕನೆ ನಿಂತು ಎಂಜಿನ್ ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿದರೆ ಮತ್ತೆ ಅದೇ ಗತಿ. ಚಕ್ರಕ್ಕೆ ಕಲ್ಲು ಸಿಕ್ಕಿರಬೇಕು ಅಂತ ನೀರಿಗಿಳಿದು, ಬಗ್ಗಿ, ನಾಲ್ಕೂ ಚಕ್ರದ ಸುತ್ತ ತಡಕಾಡಿದೆ. ಒಂದು ಹರಳೂ ಇಲ್ಲ. ಜೀಪಿಗೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ಅಷ್ಟರಲ್ಲಿ ದಡದಿಂದ ಒಬ್ಬ ಹೆಂಗಸು ಕೂಗಿ ಕೇಳಿದರು, ಏನಮ್ಮಾ, ಒಳಗೆ ಯಾರೂ ಇಲ್ಲ, ಹಿಂದೆ ಬ್ರೇಕ್ ಲೈಟ್ ಯಾಕೆ ಉರೀತಿದೆ ಅಂತ.

ಅಮ್ಮಾ, ನಿನ್ನ ಬ್ರೇಕು! ಪಕ್ಕದ ಸೀಟಿನ ಕೆಳಗೆ ನೀನು ಹಾಕಿಸಿದ್ದೀಯಲ್ಲ, ಕಲಿಯುವವರು ತಪ್ಪಿದರೆ ತುಳಿಯೋಕೆ, ಆ ಎರಡನೇ ಪೆಡಲ್ಲು. ಇಳಿಜಾರಿನಲ್ಲಿ ನನ್ನ ಡೇರೆ ಚೀಲ ಜಾರಿ ಹೋಗಿ ಅದರ ಮೇಲೆ ಕುಕ್ಕರಿಸಿತ್ತು. ಲೋಕದಲ್ಲಿ ಇನ್ಯಾರ ಜೀಪೂ ಹೀಗೆ ನಿಂತಿರಲಿಕ್ಕಿಲ್ಲ. ಚೀಲ ಎಳೆಯೋಕೆ ಆ ಹೆಂಗಸೂ ನೀರಿಗಿಳಿದರು. ಚೀಲ ಬಂತು, ಅವರ ಕನ್ನಡಕ ಹಳ್ಳದ ಪಾಲಾಯಿತು. ಅದನ್ನು ಹಿಡಿಯೋಕೆ ಹೋಗಿ ನಾನು ಪಾಚಿಯ ಮೇಲೆ ಜಾರಿ ಕೈ ಊರಿದೆ. ಮಣಿಕಟ್ಟಿನ ಕಥೆ ಇದೇ.

ಅವರು ಹಲ್ಲಿನ ಡಾಕ್ಟರಂತೆ. ಕ್ಲಿನಿಕ್ ಮುಚ್ಚಿ, ಈಗ ಗಾಡಿಯ ಮೇಲೆ ದೋಣಿ ಕಟ್ಟಿಕೊಂಡು ಒಬ್ಬರೇ ಸುತ್ತುತ್ತಾರೆ. ಒಂದೇ ಕೈಯಲ್ಲಿ ಜೀಪನ್ನು ಹೇಗೋ ಎತ್ತರದ ದಡಕ್ಕೆ ಹತ್ತಿಸಿದೆ. ಬ್ರೇಕಿಗೆ ನೀರು ಹೊಕ್ಕು ಸರಿಯಾಗಿ ಹಿಡಿಯುತ್ತಿರಲಿಲ್ಲ, ಮೇಲೆ ಮೋಡ ಬೇರೆ ಕಟ್ಟಿತ್ತು. ಹಳ್ಳದ ಬಳಿ ಉಳಿಯುವ ಹಾಗಿರಲಿಲ್ಲ, ಅವರ ಕ್ಯಾಂಪು ಕಲ್ಲಿನ ಇಳಿಜಾರಿನ ಕೆಳಗೆ. ಅವರ ಗಾಡಿ ಸರಿಯಿತ್ತು. ಆದರೆ ನನಗೆ ಸ್ಟಿಯರಿಂಗ್ ತಿರುಗಿಸೋಕೆ ಕೈ ಇಲ್ಲ, ಅವರಿಗೆ ಕನ್ನಡಕವಿಲ್ಲದೆ ದೂರದ್ದು ಕಾಣಲ್ಲ. ಬಾ ಮಗಳೇ, ಇಬ್ಬರೂ ಸೇರಿ ಒಬ್ಬ ಡ್ರೈವರ್ ಆಗೋಣ ಅಂದರು.

ಪಕ್ಕದಲ್ಲಿ ಕೂತೆ. ಮೊದಲ ತಿರುವಿನಲ್ಲೇ ನನ್ನ ಬಲಗಾಲು ಬ್ರೇಕ್ ತುಳಿಯಿತು. ಅಲ್ಲಿ ಬ್ರೇಕ್ ಎಲ್ಲಿದೆ? ಬರೀ ರಬ್ಬರ್ ಮ್ಯಾಟು.

ನಾನು ಒಪ್ಪದಿರಲು ಕಾರಣ ಇದೇ ಅಮ್ಮಾ, ನಿನಗೆ ಹೇಳಿರಲಿಲ್ಲ. ನೀನು ಪಕ್ಕದಲ್ಲಿ ಕಾಲು ಮಡಚಿ ಕೂತು ಬರೀ ಬಾಯಲ್ಲಿ ಕಾರು ಓಡಿಸುತ್ತೀಯ. ನಾನು ಕೂತರೆ ಕಾಲು ಸುಮ್ಮನಿರಲ್ಲ, ಬ್ರೇಕ್ ತುಳಿಯುತ್ತಲೇ ಇರುತ್ತದೆ. ನಿನಗೆ ಜ್ವರ ಬಂದಿದೆ ಅಂತ ಒಂದು ವಾರ ಕಲಿಸೋಕೆ ನನ್ನನ್ನು ಕಳಿಸಿದ್ದೆಯಲ್ಲ, ಆಗ ಕಲಿಯೋಕೆ ಬರುವ ಬ್ಯಾಂಕಿನ ಹುಡುಗಿ, ನಿಮ್ಮ ಕಾರಿಗೆ ಬಿಕ್ಕಳಿಕೆ ಬಂದಿದೆ ಅಕ್ಕಾ ಅಂದಳು. ನನಗೆ ಕಲಿಸುವುದರಲ್ಲಿ ಬೇಸರವಿಲ್ಲ, ಇನ್ನೊಬ್ಬರ ಕೈಯನ್ನು ನಂಬೋಕೆ ಭಯ.

ಇಲ್ಲಿ ನಂಬದೆ ಬೇರೆ ದಾರಿಯೇ ಇರಲಿಲ್ಲ. ಬಾಯಿ ತೆರೆದೆ. ನಿಧಾನ, ಎಡಕ್ಕೆ ಒಂದು ಅಂಗೈಯಷ್ಟು, ಇನ್ನೊಂದು ಚೂರು, ಸಾಕು, ಕ್ಲಚ್ ಮುಟ್ಟಬೇಡಿ, ಎಂಜಿನ್ನೇ ಗಾಡಿನ ಹಿಡಿದುಕೊಳ್ಳುತ್ತೆ. ಅವರು ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಿದ್ದರು. ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತವರಿಗೆ ಏನು ಹೇಳ್ತಿದ್ರಿ ಅಂತ ಕೇಳಿದೆ. ಸಡಿಲ ಬಿಡಿ, ಏನೂ ನೋವಾಗಲ್ಲ ಅಂತಿದ್ದೆ ಅಂದರು. ನಿಜವಾಗ್ಲೂ ನೋವಾಗ್ತಿರಲಿಲ್ವಾ ಅಂದೆ. ಆಗ್ತಿತ್ತು ಕಣೇ ಅಂತ ನಕ್ಕರು. ನಗುವಾಗ ಕೈ ಸಡಿಲವಾಯಿತು. ಕೊನೆಯ ಬಂಡೆಯ ಹತ್ತಿರ ಚಕ್ರ ಜಾರಿದಾಗ ಅವರು ಕಿರುಚಲಿಲ್ಲ, ನನ್ನ ಮಾತಿಗೆ ಕಾದರು. ಆ ಒಂದು ಕ್ಷಣ ಕಾದರಲ್ಲ, ಅದನ್ನು ಹೇಗೆ ಹೇಳಲಿ ನಿನಗೆ. ಬಲಕ್ಕೆ ಅಂದೆ. ತಿರುಗಿಸಿದರು. ಇಳಿದುಬಿಟ್ಟೆವು. ಗಾಡಿ ನಿಲ್ಲಿಸಿ ಅವರು ನನ್ನ ಕೆನ್ನೆ ಹಿಂಡಿ, ಯಾರಮ್ಮಾ ನಿನಗೆ ಕಲಿಸಿದ್ದು ಅಂದರು. ನಮ್ಮಮ್ಮ ಅಂದೆ. ಇದನ್ನು ನಿನಗೆ ಹೇಳಬಾರದಿತ್ತು, ಆದರೂ ಹೇಳಿದ್ದೇನೆ.

ಹಾಗಾಗಿ ನನ್ನ ಉತ್ತರ: ಒಪ್ಪಿದ್ದೇನೆ. ಎರಡು ಷರತ್ತು. ಬೆಳಗಿನ ಬ್ಯಾಚಿನ ಮುಂದೆ ನನ್ನನ್ನು ಕೇಳದೆ ಇನ್ನೇನೂ ಘೋಷಿಸಬಾರದು. ಮತ್ತೆ, ನಾನು ಪಕ್ಕದ ಸೀಟಿನಲ್ಲಿ ಕೂತಾಗ ನೀನು ಹಿಂದಿನ ಸೀಟಿನಲ್ಲಿ ಕೂತು ನನ್ನನ್ನು ಬೈಯಬೇಕು. ಆಗಾಗ ಇಲ್ಲಿಗೆ ಓಡಿಬರುತ್ತೇನೆ, ಅದಕ್ಕೆ ಅಪ್ಪಣೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ಕೈ ಇನ್ನೊಂದಿಷ್ಟು ಸುಧಾರಿಸಲಿ, ದಡದ ಮೇಲಿರುವ ಜೀಪು ತೆಗೆದುಕೊಂಡು ಹೊರಡುತ್ತೇನೆ. ಡಾಕ್ಟರಮ್ಮ ನಾಳೆಯೇ ನಮ್ಮ ಊರಿನ ಮೇಲೆ ಹೋಗುತ್ತಾರೆ. ಅವರ ಇನ್ನೊಂದು ಕನ್ನಡಕ ಕ್ಯಾಂಪಿನ ಪೆಟ್ಟಿಗೆಯಲ್ಲೇ ಇತ್ತು. ಈ ಪತ್ರ ಅವರೇ ನಿನ್ನ ಕೈಗೆ ಕೊಡುತ್ತಾರೆ.

ನಿನ್ನ ಮುದ್ದಿನ, ಮೊಂಡು,
ಗಿರಗಿಟ್ಲೆ

ಇನ್ನೊಂದು ಮಾತು: ಇಳಿಜಾರಿನ ಮೇಲೆ ಒಂದು ಫಲಕ ಇತ್ತು. ಡಾಕ್ಟರಮ್ಮ ಕಣ್ಣು ಕಿರಿದು ಮಾಡಿ, ಏನೂ ಆಗದವರ ಹಾಗೆ, ಅದನ್ನ ಓದು ನೋಡೋಣ ಅಂದರು. ಥೇಟ್ ನಿನ್ನ ದನಿ. ಒಂದು ವರ್ಷದಿಂದ ನೀನು ಕಲಿಯುವವರಿಂದ ರಸ್ತೆಯ ಫಲಕವನ್ನೆಲ್ಲ ಗಟ್ಟಿಯಾಗಿ ಓದಿಸುತ್ತೀಯ, ಪಾಠ ಅಂದುಕೊಂಡಿದ್ದೆ. ಅಮ್ಮಾ, ನಿನಗೆ ಕಣ್ಣು ಸರಿಯಾಗಿ ಕಾಣಿಸುತ್ತಿಲ್ಲ. ಅದಕ್ಕೇ ಈ ಪತ್ರವನ್ನು ದಪ್ಪ ಪೆನ್ನಿನಲ್ಲಿ, ಹಾಳೆಗೆ ಐದಾರು ಸಾಲಿನಂತೆ ಬರೆದಿದ್ದೇನೆ, ಯಾರ ಕೈಯಲ್ಲೂ ಓದಿಸಬೇಡ. ಕನಿಕರದಿಂದ ಒಪ್ಪಿಲ್ಲ, ಮೇಲೆ ಬರೆದ ಕಾರಣವೇ ಕಾರಣ. ಆದರೆ ನಾನು ಬರುವವರೆಗೆ ಪಾಠ ನಿಲ್ಲಿಸು. ಕಾರಿನ ಕೀಲಿ ಈಗಲೇ ಡಾಕ್ಟರಮ್ಮನ ಕೈಗೆ ಕೊಡು. ಕೊಡುವವರೆಗೂ ಬಾಗಿಲಿನಿಂದ ಕದಲಲ್ಲ ಅಂತ ಮಾತು ಕೊಟ್ಟಿದ್ದಾರೆ. ಜೀವನಪೂರ್ತಿ ಹಲ್ಲು ಕಿತ್ತವರು, ಬರಿಗೈಯಲ್ಲಿ ಹೋಗುವವರಲ್ಲ.