ಮೂರನೇ ಚೂರು

ಸೂಜಿ ಕಿಟಕಿ, ಕಾರ್ಖಾನೆ
ಗುರುವಾರ, ಹನ್ನೊಂದನೇ ತಾರೀಖು, ಊಟದ ಬಿಡುವು

ನಮ್ಮ ಮನೆಯವರಿಗೆ ನಿಮ್ಮವಳ ನಮಸ್ಕಾರ.

ಮಂಡಿ ನೋವು ಹೇಗಿದೆ? ಕ್ರೇನಿನ ಏಣಿ ಹತ್ತುವಾಗ ಬಲಗಾಲು ಮೊದಲು ಊರಬೇಡಿ ಎಂದು ಡಾಕ್ಟರು ಹೇಳಿದ್ದನ್ನು ನೀವು ಕೇಳಿರುವುದಿಲ್ಲ ಬಿಡಿ, ನನ್ನ ಮಾತನ್ನೇ ಕೇಳದವರು. ಇಲ್ಲಿ ಮಗಳು, ಮೊಮ್ಮಗಳು ಕ್ಷೇಮ. ನಾನೂ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಶೆಡ್ಡಿನಲ್ಲಿ ಎಲ್ಲರಿಗೂ ಕೇಳಿಸುತ್ತದೆ. ಅದಕ್ಕೇ ಈ ಕಾಗದ. ನಿಮ್ಮ ಕಡೆಗೆ ಸಿಮೆಂಟು ಸಾಗಿಸುವ ಲಾರಿಯವರು ಒಯ್ಯುತ್ತೇನೆಂದಿದ್ದಾರೆ, ನಾಳೆಯೇ ತಲುಪುತ್ತದೆ.

ನನ್ನ ಕೆಲಸ ನಿಮಗೆ ಗೊತ್ತಿದ್ದದ್ದೇ, "ಸೂಜಿ ಮಂತ್ರಿ" ಎಂದು ನಗುತ್ತಿರುತ್ತೀರಿ. ಹೊಲಿಗೆಯವರ ಸೂಜಿ ಮುರಿದರೆ ಚೂರುಗಳನ್ನೆಲ್ಲ ಹುಡುಕಿ ನನ್ನ ಕಿಟಕಿಗೆ ತರಬೇಕು. ನಾನು ಅವನ್ನು ಪುಸ್ತಕದಲ್ಲಿ ಅಂಟಿಸಿ, ಕೂಡಿಸಿದರೆ ಇಡೀ ಸೂಜಿ ಆಗುತ್ತದೋ ನೋಡಿ, ಸಹಿ ಹಾಕಿ ಹೊಸದು ಕೊಡಬೇಕು. ಒಂದು ಚೂರು ಕಡಿಮೆಯಾದರೂ ಆ ಬಟ್ಟೆ ಮುಂದೆ ಹೋಗುವಂತಿಲ್ಲ. ನಾವು ಹೊಲಿಯುವುದು ಹಸುಗೂಸುಗಳ ಅಂಗಿ. ಒಳಗುಳಿದ ಚೂರು ಚುಚ್ಚಿದರೆ ಏಕೆ ಅಳುತ್ತಿದ್ದೇನೆಂದು ಕೂಸು ಹೇಳುತ್ತದೆಯೇ?

ನಿನ್ನೆ ಮಧ್ಯಾಹ್ನ ಮೂರನೇ ಸಾಲಿನ ಹುಡುಗಿ, ನಾವೆಲ್ಲ ಚಟಪಟ ಎಂದು ಕರೆಯುವವಳು, ಎರಡೇ ಚೂರು ತಂದಳು. ತುದಿ ಇಲ್ಲ. ಅಯಸ್ಕಾಂತ ಹಿಡಿದು ಇಬ್ಬರೂ ನೆಲವೆಲ್ಲ ತಡಕಾಡಿದೆವು, ಸಿಗಲಿಲ್ಲ. ಲೋಹ ಪತ್ತೆ ಮಾಡುವ ಯಂತ್ರ ಸೋಮವಾರದಿಂದ ಕೆಟ್ಟು ಕೂತಿದೆ. ಅಷ್ಟರಲ್ಲಿ ಆ ಸಾಲಿನ ಮೇಲ್ವಿಚಾರಕರು, ಅಂದರೆ ನಮ್ಮ ಅಳಿಯಂದಿರೇ, ಕಿಟಕಿಗೆ ಬಂದರು. "ಅತ್ತೇ, ಹಳೇ ಪುಸ್ತಕದಲ್ಲಿ ತುದಿಗಳು ಬೇಕಾದಷ್ಟಿವೆ. ಒಂದು ಕಿತ್ತು ಇಲ್ಲಿ ಅಂಟಿಸಿ. ನಾಳೆ ನಾಲ್ಕಕ್ಕೆ ಸರಕು ಹೊರಡ್ಬೇಕು. ಇದು ಸರಿಯಾಗಿ ಹೋದ್ರೆ ನನ್ನ ಕೆಲ್ಸ ಕಾಯಂ," ಎಂದರು. ನಾನು ಕೈ ಆಡಿಸದಿದ್ದಾಗ ದನಿ ತಗ್ಗಿಸಿ, "ಮಗಳ ಮುಖ ನೋಡಿಯಾದ್ರೂ..." ಎಂದರು. ಅಂಟಿಸಿದೆ. ಹೌದು ರೀ, ಇದೇ ಕೈಯಿಂದ. ಆ ತುದಿ ಈ ಸೂಜಿಯದಕ್ಕಿಂತ ಕೂದಲೆಳೆಯಷ್ಟು ದಪ್ಪ. ನೋಡಿದವರಿಗೆ ಗೊತ್ತಾಗುವುದಿಲ್ಲ, ನನಗೆ ಗೊತ್ತು.

ಬೆಳಗ್ಗೆ ದೇವರ ಮುಂದೆ ನಿಂತರೆ ಬಾಯಿಗೆ ಒಂದು ಹೆಸರೂ ಬರಲಿಲ್ಲ. ಇಲ್ಲಿಗೆ ಬಂದರೆ ಮ್ಯಾನೇಜರು ಎಲ್ಲರನ್ನೂ ಕರೆದು, "ಒಂಬತ್ತು ವರ್ಷದಲ್ಲಿ ಅಮ್ಮನ ಪುಸ್ತಕದಲ್ಲಿ ಒಂದು ತಪ್ಪಿಲ್ಲ, ಮುಂದಿನ ತಿಂಗಳಿಂದ ತಪಾಸಣೆ ವಿಭಾಗ ಇವರದ್ದೇ," ಎಂದರು. ಮೊದಲು ಚಪ್ಪಾಳೆ ತಟ್ಟಿದ್ದು ಅಳಿಯಂದಿರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಈಗ ತಾನೇ ಮಗಳ ಫೋನು. "ಅಮ್ಮಾ, ಇವತ್ತೊಂದು ದಿನ ಬಾಯಿ ಬಿಡ್ಬೇಡ, ನಿನ್ನ ಕಾಲಿಗೆ ಬೀಳ್ತೀನಿ." ಹೆತ್ತವಳಿಗೆ ಹೇಳುವ ಮಾತೇ ಅದು? ನನ್ನ ಹತ್ತಿರ ಒಂದು ರಿಬ್ಬನ್ನನ್ನೂ ಬೇಡಿದವಳಲ್ಲ.

ಪೆಟ್ಟಿಗೆಗಳು ಕಿಟಕಿಯ ಎದುರೇ ಪೇರಿಸಿವೆ. ಕಳೆದ ತುದಿ ಯಾವುದರಲ್ಲಿದೆಯೋ ಭಗವಂತನಿಗೇ ಗೊತ್ತು. ಕ್ರೇನಿನ ಹಗ್ಗದ ಮೇಲೆ ಅನುಮಾನ ಬಂದರೆ ಎತ್ತಿದ್ದನ್ನು ಇಳಿಸಿಬಿಡುತ್ತೇನೆ ಎಂದು ನೀವು ಹೇಳುತ್ತಿದ್ದಿರಿ. ನಿಮ್ಮದು ಕಬ್ಬಿಣ, ಇಳಿಸುತ್ತೀರಿ. ನನ್ನ ಕೈಯಲ್ಲಿರುವುದು ಮಗಳ ಸಂಸಾರ.

ಗಂಟೆ ಹೊಡೆಯಿತು. ಹೊತ್ತಿಗೆ ಸರಿಯಾಗಿ ಉಣ್ಣಿ. ಏಣಿಯ ಒಂದೊಂದು ಮೆಟ್ಟಿಲಲ್ಲೂ ದೇವರು ನಿಮ್ಮ ಜೊತೆಗಿರಲಿ. ನಿಮ್ಮ ಅಡುಗೆಯಣ್ಣನಿಗೆ ನನ್ನ ನಮಸ್ಕಾರ ಹೇಳಿ.

ನಿಮ್ಮ ಮಗಳ ತಾಯಿ

ತಾ.ಕ.: ಸಂಜೆಯಾಯಿತು, ಲಾರಿಯವರು ಕಾಯುತ್ತಿದ್ದಾರೆ. ಸರಕು ಹೊರಡುವ ಮೊದಲೇ ಪುಸ್ತಕವನ್ನು ಮ್ಯಾನೇಜರ ಮುಂದೆ ಇಟ್ಟೆ. ತಪ್ಪೆಲ್ಲ ನನ್ನದೇ ಎಂದು ಹೇಳಿ ಮುಗಿಸೋಣವೆಂದೇ ಹೋಗಿದ್ದು. ಅವರು ಚಟಪಟಳ ಕಡೆ ಬೆರಳು ಮಾಡಿ, "ಇವಳು ಹೇಳಿಕೊಟ್ಟಳಾ?" ಎಂದರು. ತಪ್ಪು ಆ ಹುಡುಗಿಯ ತಲೆಗೆ ಬರುವುದರಲ್ಲಿತ್ತು. ಸುಮ್ಮನಿರಲಾಗದೆ ಅಳಿಯಂದಿರ ಹೆಸರು ಹೇಳಿದೆ. ಪೆಟ್ಟಿಗೆ ಬಿಚ್ಚಿಸಿ ಒಂದೊಂದು ಅಂಗಿಯ ಮೇಲೂ ಅಯಸ್ಕಾಂತ ಆಡಿಸಿದರು. ತುದಿ ಒಂದು ಅಂಗಿಯ ಕುತ್ತಿಗೆ ಪಟ್ಟಿಯೊಳಗಿತ್ತು. ನಾಳೆಯಿಂದ ನಾನೂ ಅಳಿಯಂದಿರೂ ಕೆಲಸಕ್ಕೆ ಬರುವುದು ಬೇಡವಂತೆ. ಮಗಳು ಫೋನು ಎತ್ತುತ್ತಿಲ್ಲ. ರಜೆ ಹಾಕಿ ಹೊರಡಿ. ಮೊದಲು ಅವಳ ಮನೆಗೆ ಹೋಗಿ, ನಮ್ಮ ಮನೆಗಲ್ಲ. ನನ್ನ ಪರ ವಾದಿಸಬೇಡಿ. ಬೈದರೆ ಪೂರ್ತಿ ಬೈಯಲಿ, ಬಾಗಿಲು ಹಾಕಿಕೊಂಡರೆ ಮೆಟ್ಟಿಲ ಮೇಲೆ ಕೂತಿರಿ. ನಾನೇ ಹೋಗಬಹುದಿತ್ತು. ಹೋದರೆ, ಮಾಡಿದ್ದು ಸರಿ ಎಂದು ಅವಳ ಮುಖಕ್ಕೇ ಹೇಳಿಬಿಡುತ್ತೇನೆ ರೀ, ಅದಕ್ಕೇ ನೀವು ಹೋಗಿ.