ಮೊಡವೆ ಮಾಯುತ್ತಿದ್ದ ದಿನಗಳು

ಜುಲೈ ೪, ಬೆಳಿಗ್ಗೆ

ಬೆಣ್ಣೆ ಹಚ್ಚಿದ ಬ್ರೆಡ್ಡು, ಮೊಟ್ಟೆ, ಅನಂತರ ಮಾತ್ರೆ. ಬರಿ ಹೊಟ್ಟೆಯಲ್ಲಿ ನುಂಗಿದರೆ ಮೈಗೆ ಹತ್ತದು, ಜಿಡ್ಡಿನ ಆಹಾರ ಬೇಕು ಎಂದಿದ್ದಾರೆ ಚರ್ಮದ ಡಾಕ್ಟರು. ಮೊಮ್ಮಗಳು ನುಂಗುವವರೆಗೂ ಎದುರಿಗೇ ನಿಂತಿದ್ದೆ.

"ಬಾಯಿ ತೆಗೆದು ತೋರಿಸ್ಲಾ ಅಜ್ಜಿ? ಕೆನ್ನೆ ಒಳಗೆ ಬಚ್ಚಿಟ್ಕೊಂಡಿದೀನೇನೋ!"

"ತೋರಿಸು."

ತೋರಿಸಿದಳು—ನಾಲಿಗೆಯನ್ನೂ ಸೇರಿಸಿ, ಅಣಕಿಸುವ ಹಾಗೆ. ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿ!

ಕೆನ್ನೆ, ಬೆನ್ನು ತುಂಬ ಗಂಟುಗಂಟಾದ ಮೊಡವೆ, ಕೀವು, ಕಲೆ. ಮುಲಾಮುಗಳೆಲ್ಲ ಸೋತ ಮೇಲೆ ಈ ಮಾತ್ರೆ. ಶುರುಮಾಡುವ ಮುನ್ನ ರಕ್ತದ ಜೊತೆಗೆ ಗರ್ಭದ ಪರೀಕ್ಷೆಯನ್ನೂ ಬರೆದುಕೊಟ್ಟಾಗ ಮೈಯೆಲ್ಲ ಉರಿದುಹೋಯಿತು. ನಮ್ಮ ಮನೆಯ ಹುಡುಗಿಗೆ ಇದರ ಅಗತ್ಯವಿಲ್ಲ ಎಂದೆ.

"ಟೀಚರ್, ಇದು ನಡತೆ ಪ್ರಶ್ನೆ ಅಲ್ಲ. ಈ ಮಾತ್ರೆ ತಗೊಳ್ಳೋವಾಗ ಬಸಿರಾದ್ರೆ ಮಗು ಊನವಾಗಿ ಹುಟ್ಟಬಹುದು. ಎಲ್ಲ ಹೆಣ್ಣುಮಕ್ಕಳಿಗೂ ತಿಂಗಳು ತಿಂಗಳು ಮಾಡಿಸ್ತೀನಿ. ಇನ್ನೊಂದು—ಹುಡುಗಿ ಮಂಕಾದ್ರೆ, ಯಾವುದರಲ್ಲೂ ಮನಸ್ಸಿಲ್ಲ ಅನ್ನಿಸಿದ್ರೆ, ಆವತ್ತೇ ಫೋನ್ ಮಾಡಿ."

ಮಕ್ಕಳ ಮುಖ ಓದುವುದನ್ನು ನಿವೃತ್ತಿಯವರೆಗೂ ಪಾಠ ಮಾಡಿದ ನನಗೆ ಹೇಳಿಕೊಡಬೇಕೆ?

ಜುಲೈ ೨೩

ತುಟಿ ಒಡೆದಿದೆ. ಮೊಡವೆ ಮೊದಲಿಗಿಂತ ಕೆರಳಿದೆ—ಆರಂಭದಲ್ಲಿ ಹೀಗಾಗುವುದುಂಟಂತೆ. ಕನ್ನಡಿಗೆ ಟವೆಲು ಹೊದಿಸಿಟ್ಟಿದ್ದಾಳೆ. ತೆಗೆಸಿದೆ.

ಆಗಸ್ಟ್ ೫

ತಿಂಗಳ ತಪಾಸಣೆ. ರಕ್ತದಲ್ಲಿ ದೋಷವಿಲ್ಲ. "ಹೇಗಿದೀಯಮ್ಮ?" ಎಂದು ಡಾಕ್ಟರು ಅವಳನ್ನೇ ಕೇಳಿದರು. ಅವಳು ಬಾಯಿ ತೆರೆಯಲು ತಡಮಾಡಿದಳು. ಬಂಗಾರದ ಹಾಗಿದ್ದಾಳೆ ಎಂದು ನಾನೇ ಉತ್ತರಿಸಿದೆ.

ಆಗಸ್ಟ್ ೨೬

ಕೆನ್ನೆ ತಿಳಿಯಾಗುತ್ತಿದೆ. ನಡತೆಯೂ. ಎದುರುತ್ತರವಿಲ್ಲ, ಹಾಡಿನ ಗದ್ದಲವಿಲ್ಲ. ಕರೆದರೆ ಬರುತ್ತಾಳೆ, ಹೇಳಿದಷ್ಟು ಮಾಡುತ್ತಾಳೆ, ಕೋಣೆ ಸೇರುತ್ತಾಳೆ. ಇಂಥ ಮಕ್ಕಳನ್ನೇ ನಾನು ಮುಂದಿನ ಬೆಂಚಿಗೆ ಕೂರಿಸುತ್ತಿದ್ದುದು.

ಮಗಳು ಪ್ರೆಸ್ಸಿನ ಕೆಲಸ ಮುಗಿಸಿ ಬಂದವಳು, ಚಪ್ಪಲಿಯನ್ನೂ ಬಿಡದೆ ಕೇಳಿದಳು.

"ಅಮ್ಮ, ಅವಳು ನಕ್ಕಿದ್ದು ಯಾವಾಗ ನೋಡಿದೆ?"

"ನಗುವುದಕ್ಕೆ ಮಾತ್ರೆ ಕೊಡಿಸಿಲ್ಲ."

"ಬೈದ್ರೂ ಹೂಂ ಅಂತಾಳೆ. ನನ್ನ ಮಗಳು ಯಾವತ್ತಮ್ಮ ಹೂಂ ಅಂದಿದ್ಳು? ಡಾಕ್ಟ್ರಿಗೆ ಹೇಳೋಣ."

"ಹುಡುಗಿ ಸುಧಾರಿಸಿದರೂ ನಿನ್ನ ಕಣ್ಣಿಗೆ ರೋಗ!"

ಅವಳು ಚಪ್ಪಲಿ ಬಿಟ್ಟು ಅಡಿಗೆಮನೆಗೆ ಹೋದಳು. ನನ್ನ ಮಾತಿಗೆ ಈ ಮನೆಯಲ್ಲಿ ಇನ್ನೂ ಬೆಲೆಯಿದೆ.

ಸೆಪ್ಟೆಂಬರ್ ೮, ಮಧ್ಯಾಹ್ನ

ಆಟೊ ಬರುವವರೆಗೆ ಬರೆಯುತ್ತೇನೆ.

ಪ್ರಾಣದಂತಿದ್ದ ಬ್ಯಾಡ್ಮಿಂಟನ್ ರಾಕೆಟನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟುಬಿಟ್ಟಿದ್ದಾಳೆ. ಗಡಿಯಾರವನ್ನೂ. ಭೇಷ್, ಕೊಡುಗೈ ಬಂತು ಎನ್ನಲು ಹೊರಟಿದ್ದೆ.

"ನಾಳೆ ಆಡಲು ಏನು ಮಾಡುತ್ತೀ?"

"ನಾಳೆ ಗೀಳೆ ಏನಿಲ್ಲ ಅಜ್ಜಿ... ನಾನಿಲ್ಲದಿದ್ರೆ ಮನೆ ಇನ್ನೂ ಶಾಂತವಾಗಿರುತ್ತೆ. ನಿನಗೂ ಅದೇ ತಾನೇ ಇಷ್ಟ?"

ಕೋಪವಿಲ್ಲ, ಅಳುವಿಲ್ಲ. ಹಾಜರಿ ಕೂಗಿದಾಗ ಹೇಳುವಂತೆ ಹೇಳಿದಳು. ಸಾಯಬೇಕೆನಿಸುತ್ತಿದೆಯೇ ಎಂದು ನೇರವಾಗಿಯೇ ಕೇಳಿದೆ. ತಲೆಯಾಡಿಸಿದಳು—ಹೌದು.

ಮಣಿಕಟ್ಟು ಹಿಡಿದುಕೊಂಡೆ. ಬಿಡದೆಯೇ ಡಾಕ್ಟರಿಗೆ ಫೋನು.

"ಮಾತ್ರೆ ಇವತ್ತೇ ನಿಲ್ಲಿಸಿ. ಅದರಿಂದಲೇ ಹೀಗಾಯ್ತು ಅಂತ ಈಗ ಹೇಳಕ್ಕಾಗಲ್ಲ, ಆದ್ರೆ ಕಾಯೋದು ಬೇಡ. ಒಂದು ಕ್ಷಣವೂ ಒಬ್ಬಳನ್ನೇ ಬಿಡಬೇಡಿ. ನೇರ ಆಸ್ಪತ್ರೆಗೆ ಕರ್ಕೊಂಡು ಬನ್ನಿ, ಮನೋವೈದ್ಯರಿಗೆ ನಾನು ಹೇಳಿರ್ತೀನಿ. ಎಷ್ಟು ದಿನದಿಂದ ಹೀಗಿದ್ಲು, ಟೀಚರ್?"

ಉತ್ತರ ಗೊತ್ತಿತ್ತು. ಹಿಂದಿನ ಪುಟದಲ್ಲಿ ನಾನೇ ಬರೆದಿಟ್ಟಿದ್ದೇನೆ, ಸುಧಾರಿಸಿದಳೆಂದು.

ಇವತ್ತು ರಜೆಯೆಂದು ಮನೆಯಲ್ಲಿದ್ದ ಮಗಳು ಆಟೊ ತರಲು ಓಡಿದ್ದಾಳೆ. ಮೊಮ್ಮಗಳು ನನ್ನ ಭುಜಕ್ಕೊರಗಿ ಕೂತಿದ್ದಾಳೆ. "ನಿಲ್ಲಿಸಿದ್ರೆ ಮತ್ತೆ ಮೊಡವೆ ಬರುತ್ತೆ ಅಜ್ಜಿ" ಅಂದಳು.

"ಬರಲಿ ಬಿಡು. ಮುಖದ ತುಂಬ ಬರಲಿ."

ಸಂಜೆ, ಆಸ್ಪತ್ರೆ

ಮೊಮ್ಮಗಳ ಜೊತೆ ಒಳಗೆ ಹೋಗಲು ಎದ್ದೆ. ಮನೋವೈದ್ಯರು ತಡೆದರು—"ಅವಳೇ ಮಾತಾಡ್ಲಿ, ಅಮ್ಮ." ಕೂತೆ. ಮಗಳು ನನ್ನ ಕಡೆ ನೋಡುತ್ತಿಲ್ಲ. ನೋಡಬೇಕೆಂದು ಕೇಳುವ ಮುಖವೂ ನನಗಿಲ್ಲ.

ಬಹಳ ಹೊತ್ತು ಬಾಗಿಲಾಚೆ ಏನೂ ಕೇಳಿಸಲಿಲ್ಲ. ಅಂಥ ನಿಶ್ಶಬ್ದಕ್ಕಾಗಿಯೇ ಜೀವಮಾನವಿಡೀ ಮೇಜು ಕುಟ್ಟಿದವಳು ನಾನು.

ಈಗ ಮೊಮ್ಮಗಳು ಅಳುತ್ತಿದ್ದಾಳೆ. ಜೋರಾಗಿ, ಎಗ್ಗಿಲ್ಲದೆ, ಇಡೀ ಆಸ್ಪತ್ರೆಗೆ ಕೇಳುವಂತೆ. ನರ್ಸು ತಿರುಗಿ ನೋಡಿದಳು. ಮಗಳು ನನ್ನ ಕೈ ಹಿಡಿದಳು. ಒಳಗೆ ಮೊಮ್ಮಗಳು ಅಳುವಿನ ನಡುವೆ ಏನೋ ಕೂಗಿ ಹೇಳುತ್ತಿದ್ದಾಳೆ—ನನ್ನನ್ನೇ ಬೈಯುತ್ತಿದ್ದಾಳೆ, ಅಜ್ಜಿ ಎಂಬುದೊಂದು ಮಾತು ಸ್ಪಷ್ಟ. ಬೈಯಲಿ. ನಿಲ್ಲಿಸದಿರಲಿ, ದೇವರೇ, ಯಾರೂ ಅವಳಿಗೆ ಸುಮ್ಮನಿರು ಎನ್ನದಿರಲಿ.