ಮೂರನೇ ಪುಟವಿಲ್ಲದ ಪತ್ರ

ಚಿನ್ನಿ,

ಮೊದಲು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕು, ಆಮೇಲೆ ಇದನ್ನು ಓದು.

ನೀನು ಸ್ನಾನಕ್ಕೆ ಹೋಗಿದ್ದಾಗ ಚಿಕ್ಕಪ್ಪ ಬಂದಿದ್ದರು. ನಾಳೆ ನೀನು ಲಾ ಕಾಲೇಜಿಗೆ ಸೇರುತ್ತೀಯೆಂದು ಹೊಗಳಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿ, ಮನೆ ಪಾಲಿನ ಪತ್ರ ಮುಂದಿಟ್ಟರು.

"ಓದೋದೇನಿದೆ, ಮನೆಯೋರೇ ಅಲ್ವಾ? ಸಹಿ ಹಾಕ್ಬಿಡು."

ಹನ್ನೊಂದು ವರ್ಷ ಕೋರ್ಟಿನಲ್ಲಿ ಟೈಪ್ ಮಾಡಿದವಳು ನಾನು, ಪುಟ ಎಣಿಸಿದೆ. ಒಂದು, ಎರಡು, ನಾಲ್ಕು. ಯಾರಿಗೆ ಎಷ್ಟು ಎಂದು ಬರೆದಿರಬೇಕಾದ್ದೇ ಮೂರರಲ್ಲಿ.

"ಮೂರನೇದೆಲ್ಲಿ ಚಿಕ್ಕಪ್ಪ?"

"ಜೆರಾಕ್ಸ್ ಅಂಗಡೀಲಿ ಉಳ್ಕೊಂಡಿರ್ಬೇಕು."

ನಾಲ್ಕನೇ ಪುಟದ ಕೆಳಗೆ ನಿನ್ನ ಸಹಿ ಆಗಲೇ ಇತ್ತು. ಅವರು ನೀರು ಕುಡಿಯಲು ಒಳಗೆ ಹೋದಾಗ ಆ ಪುಟವನ್ನು ನನ್ನ ಚೀಲಕ್ಕೆ ಸೇರಿಸಿದೆ. ಮೂರನೇ ಪುಟ ಬಂದ ಮೇಲೆ ಸಹಿ ಎಂದೆ; ಅವರು ಎಣಿಸದೆ ಉಳಿದದ್ದನ್ನು ಎತ್ತಿಕೊಂಡು ಹೋದರು. ಮಧ್ಯಾಹ್ನ ಹುಡುಕಿಕೊಂಡು ಬರುತ್ತಾರೆ. ಕಿಟಕಿಯಿಂದಲೇ ಮಾತಾಡು, ಯಾವುದಕ್ಕೂ ಸಹಿ ಹಾಕಬೇಡ.

ಕಾಲೇಜಿನಲ್ಲಿ ಏನು ಕಲಿಸುತ್ತಾರೋ ಗೊತ್ತಿಲ್ಲ. ನನ್ನ ಬುದ್ಧಿಮಾತು ಇಷ್ಟೇ: ಪುಟ ಎಣಿಸಿ ಓದು, ನೆಂಟರು ತಂದದ್ದಾದರೆ ಎರಡು ಸಲ ಓದು.

ಅನ್ನ ಮುಚ್ಚಿಟ್ಟಿದ್ದೇನೆ, ಉಪವಾಸ ಕೂರಬೇಡ.

ಸಂಜೆ ಬಂದು ಒಂದೇ ಮಾತು ಕೇಳುತ್ತೇನೆ. ಓದದೆ ಸಹಿ ಹಾಕಿದೆಯೋ, ಓದಿ ಹಾಕಿದೆಯೋ? ಓದದೆ ಎಂದರೆ ಬೈಯುತ್ತೇನೆ. ಓದಿ ಎಂದರೆ ಏನು ಮಾಡಬೇಕೋ ನನಗೆ ತಿಳಿಯದು.

ಅಕ್ಕ